ಎಡ ಸ್ಟೀರಿಂಗ್ ಪಿಕಪ್ಪನ್ನು ಬಲಕ್ಕೆ ಬದಲಾಯಿಸುವುದು: ಕಾಸರಗೋಡಿನ ಗಲ್ಫ್ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಗಲ್ಫ್ ದೇಶಗಳಲ್ಲಿ ದುಡಿಯುತ್ತಿರುವ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಅಲ್ಲಿನ ಕೆಲಸ ಮುಗಿಸಿ ಊರಿಗೆ ಮರಳುವಾಗಲೋ, ಅಲ್ಲಿಂದಲೇ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ಮೊದಲಾದ ದೇಶಗಳಿಗೆ ಹೊರಡುವಾಗಲೋ ತಮ್ಮ ಪಿಕಪ್ ವಾಹನವನ್ನು ಜೊತೆಗೆ ಕೊಂಡೊಯ್ಯಬಹುದೇ ಎಂದು ವಿಚಾರಿಸುತ್ತಾರೆ. ಗಲ್ಫ್‌ನ ಎಲ್ಲ ದೇಶಗಳಲ್ಲೂ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುವುದರಿಂದ ಸ್ಟೀರಿಂಗ್ ಎಡಕ್ಕಿರುತ್ತದೆ. ಮೇಲೆ ಹೇಳಿದ ದೇಶಗಳಲ್ಲೂ ಭಾರತದಲ್ಲೂ ಇದು ತಿರುಗುಮುರುಗು. ಹಡಗಿಗೆ ಹಣ ಕಟ್ಟುವ ಮೊದಲೇ ಉತ್ತರ ಸಿಗಬೇಕು ಎಂಬ ಕಾಳಜಿಯಿಂದ ಈ ಪ್ರಶ್ನೋತ್ತರಗಳನ್ನು ಬರೆದಿದೆ.

ಗಲ್ಫ್‌ನಲ್ಲಿರುವ ನನ್ನ ಎಡ ಸ್ಟೀರಿಂಗ್ ಪಿಕಪ್ಪನ್ನು ಊರಿಗೆ ತಂದು, ಇಲ್ಲಿ ಬಲಕ್ಕೆ ಬದಲಾಯಿಸಿ, ಕಾಸರಗೋಡಿನ ಕೆಎಲ್-14 ನಂಬರ್ ಪಡೆಯಬಹುದೇ?

ಸಾಧ್ಯವಿಲ್ಲ ಎಂದೇ ತಿಳಿಯಿರಿ. ಇದು ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲಿ ತೀರ್ಮಾನವಾಗುವ ವಿಷಯವಲ್ಲ. ವಾಹನ ಅಲ್ಲಿಯವರೆಗೆ ತಲುಪುವುದೇ ಇಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯ ಪ್ರಕಾರ, ಬಳಸಿದ ವಾಹನವೊಂದು ಭಾರತಕ್ಕೆ ಬರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಮತ್ತು ಇತರ ನಿಯಂತ್ರಣಗಳು ಬಲಗಡೆಯಲ್ಲಿರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು, ಆಮದಾದ ದಿನದಿಂದ ಕನಿಷ್ಠ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಅದಕ್ಕಿದೆ ಎಂಬ ಪ್ರಮಾಣಪತ್ರವಿರಬೇಕು, ಮತ್ತು ಅದು ಮುಂಬಯಿ ಬಂದರಿನ ಮೂಲಕವೇ ಬರಬೇಕು. ಮನೆಗೆ ಹತ್ತಿರವೆಂದು ಪಣಂಬೂರಿನ ನವಮಂಗಳೂರು ಬಂದರಿಗೋ ಕೊಚ್ಚಿಗೋ ಕಳುಹಿಸಿದರೆ ಆ ಕಾರಣಕ್ಕೇ ವಾಹನ ತಡೆಹಿಡಿಯಲ್ಪಡುತ್ತದೆ.

ಈ ಷರತ್ತುಗಳು ವಾಹನ ಬಂದರಿಗೆ ಬಂದ ಹೊತ್ತಿಗೇ ಪೂರೈಸಿರಬೇಕಾದವು. ‘ಮೊದಲು ತರುತ್ತೇನೆ, ಆಮೇಲೆ ಬದಲಾಯಿಸುತ್ತೇನೆ’ ಎಂಬ ಕ್ರಮಕ್ಕೆ ನೀತಿಯಲ್ಲಿ ಜಾಗವಿಲ್ಲ. ಇದರ ಜೊತೆಗೆ, ಮೋಟಾರು ವಾಹನ ಕಾಯಿದೆಯೂ ಅದರ ಕೆಳಗಿನ ನಿಯಮಗಳೂ ಅನ್ವಯಿಸುತ್ತವೆ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್-6 ಹೊಗೆ ಮಾನದಂಡ ಜಾರಿಯಲ್ಲಿದೆ. ಗಲ್ಫ್ ಮಾರುಕಟ್ಟೆಗೆಂದು ತಯಾರಾದ ಎಂಜಿನ್ ಅದೇ ಮಾನದಂಡಕ್ಕೆ ಕಟ್ಟಿದ್ದಾಗಿರಬೇಕೆಂದೇನೂ ಇಲ್ಲ. ಉದಾಹರಣೆಗೆ ಗಲ್ಫ್‌ನಲ್ಲಿ ಹೆಚ್ಚಾಗಿ ಕಾಣುವ 2.7 ಲೀಟರ್ ಪೆಟ್ರೋಲ್ ಎಂಜಿನ್ನಿನ ಟೊಯೋಟಾ ಹೈಲಕ್ಸ್ ಪಿಕಪ್ ಭಾರತದಲ್ಲಿ ಮಾರಾಟಕ್ಕಿಲ್ಲ, ಇಲ್ಲಿ ಸಿಗುವುದು 2.8 ಲೀಟರ್ ಡೀಸೆಲ್.

ನಾನು ಹಲವು ವರ್ಷ ಹೊರದೇಶದಲ್ಲಿದ್ದು ಶಾಶ್ವತವಾಗಿ ಮರಳುತ್ತಿದ್ದೇನೆ. ಮನೆ ಸಾಮಾನಿನ ರಿಯಾಯಿತಿಯಲ್ಲಿ ವಾಹನವನ್ನೂ ತರಬಹುದಲ್ಲವೇ?

ತರಲಾಗದು. ವಾಸಸ್ಥಾನ ಬದಲಾಯಿಸುವವರಿಗೆ ಫ್ರಿಜ್, ಟಿವಿ, ಪೀಠೋಪಕರಣಗಳಂಥ ವಸ್ತುಗಳ ಮೇಲೆ ಸುಂಕದ ರಿಯಾಯಿತಿ ಇದೆ, ಆದರೆ ಮೋಟಾರು ವಾಹನ ಬ್ಯಾಗೇಜ್ ಎಂದು ಪರಿಗಣಿತವಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ಆಮದು ಪ್ರಕ್ರಿಯೆಯೂ ಪೂರ್ಣ ಸುಂಕವೂ ಇದೆ, ಮತ್ತು ಎಲ್ಲ ತೆರಿಗೆ ಸೇರಿದಾಗ ಆ ಮೊತ್ತ ಬಹಳ ದೊಡ್ಡದಾಗುತ್ತದೆ.

ಶಾರ್ಜಾದಲ್ಲೋ ದುಬೈಯಲ್ಲೋ ಸ್ಟೀರಿಂಗ್ ಬದಲಾಯಿಸುವ ವರ್ಕ್‌ಶಾಪ್‌ಗಳಿವೆಯಂತೆ. ಅಲ್ಲೇ ಬಲಕ್ಕೆ ಬದಲಾಯಿಸಿ ತಂದರೆ?

ಅಂಥ ವರ್ಕ್‌ಶಾಪ್‌ಗಳು ಇರುವುದು ನಿಜ, ಆದರೆ ಅವುಗಳ ಮುಖ್ಯ ಕಸುಬು ನಿಮಗೆ ಬೇಕಾದುದರ ವಿರುದ್ಧ ದಿಕ್ಕಿನದು. ಜಪಾನಿನಿಂದ ಬಳಸಿದ ಬಲ ಸ್ಟೀರಿಂಗ್ ವಾಹನಗಳು ದುಬೈಯ ರಾಸ್ ಅಲ್ ಖೋರ್‌ನಲ್ಲಿರುವ ಡುಕಾಮ್ಜ್ ಎಂಬ ವಾಹನ ವ್ಯಾಪಾರದ ಮುಕ್ತ ವಲಯಕ್ಕೆ ಬರುತ್ತವೆ. ಅವುಗಳಲ್ಲಿ ಕೆಲವನ್ನು ಎಡಕ್ಕೆ ಬದಲಾಯಿಸಿ, ಬಲಬದಿಯ ಸಂಚಾರವಿರುವ ಬೇರೆ ದೇಶಗಳಿಗೆ ಕಳುಹಿಸುತ್ತಾರೆ. ಎಡದಿಂದ ಬಲಕ್ಕೂ ಮಾಡಿಕೊಡುತ್ತೇವೆ ಎನ್ನುವವರು ಸಿಗಬಹುದು. ಆದರೆ ಭಾರತದ ಕಸ್ಟಮ್ಸ್ ಕೇಳುವುದು ಸ್ಟೀರಿಂಗ್ ಯಾವ ಬದಿಯಲ್ಲಿದೆ ಎಂಬುದನ್ನು ಮಾತ್ರವಲ್ಲ. ಆ ವಾಹನ ನಮ್ಮ ನಿಯಮಗಳಿಗೆ ಹೊಂದುತ್ತದೆ ಎಂದು ಮಾನ್ಯ ಪರೀಕ್ಷಾ ಸಂಸ್ಥೆ ಕೊಟ್ಟ ಪ್ರಮಾಣಪತ್ರವೂ ಬೇಕು. ಕಾರ್ಖಾನೆಯಲ್ಲಿ ಒಂದು ರೀತಿ ತಯಾರಾಗಿ, ವರ್ಕ್‌ಶಾಪಿನಲ್ಲಿ ಬಿಚ್ಚಿ ಬೇರೊಂದು ರೀತಿ ಜೋಡಿಸಿದ ಒಂಟಿ ವಾಹನಕ್ಕೆ ಅಂಥ ಪ್ರಮಾಣಪತ್ರ ದೊರಕಿಸಿಕೊಡುತ್ತೇನೆ ಎಂದು ಯಾರಾದರೂ ಭರವಸೆ ಕೊಟ್ಟರೆ, ಪ್ರಮಾಣಪತ್ರವನ್ನು ಮೊದಲು ತೋರಿಸಲು ಹೇಳಿ, ಮುಂಗಡ ಹಣವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ನಮ್ಮೂರಿನಲ್ಲಿ ದುಬೈ ನಂಬರಿನ ಎಡ ಸ್ಟೀರಿಂಗ್ ಕಾರುಗಳು ಓಡುವುದನ್ನು ನೋಡಿದ್ದೇವೆ. ಅವು ಹೇಗೆ ಬಂದವು?

ಅವು ಅತಿಥಿಗಳಾಗಿ ಬಂದವು. ‘ಕಾರ್ನೆ’ ಎಂಬ ಅಂತಾರಾಷ್ಟ್ರೀಯ ಕಸ್ಟಮ್ಸ್ ದಾಖಲೆಯ ಆಧಾರದಲ್ಲಿ, ಹೊರಡುವ ದೇಶದ ಮಾನ್ಯ ಆಟೊಮೊಬೈಲ್ ಕ್ಲಬ್ಬಿನಲ್ಲಿ ಠೇವಣಿ ಅಥವಾ ಬ್ಯಾಂಕ್ ಖಾತರಿ ಇಟ್ಟು, ಸುಂಕ ಕಟ್ಟದೆಯೇ ವಾಹನವನ್ನು ತಾತ್ಕಾಲಿಕವಾಗಿ ತರಬಹುದು. ಸಾಮಾನ್ಯ ಅವಧಿ ಆರು ತಿಂಗಳು. ಅವಧಿಯೊಳಗೆ ವಾಹನ ದೇಶ ಬಿಟ್ಟು ಹೋಗಲೇಬೇಕು, ಹೋಗದಿದ್ದರೆ ಸುಂಕವನ್ನು ಆ ಠೇವಣಿಯಿಂದಲೇ ವಸೂಲು ಮಾಡುತ್ತಾರೆ.

ಎಡ ಸ್ಟೀರಿಂಗ್ ವಾಹನವನ್ನು ನಮ್ಮ ರಸ್ತೆಯಲ್ಲಿ ಓಡಿಸುವುದನ್ನೇ ಕಾನೂನು ನಿಷೇಧಿಸಿಲ್ಲ ಎಂಬುದು ನಿಜ. 1988ರ ಮೋಟಾರು ವಾಹನ ಕಾಯಿದೆಯ 120ನೇ ಸೆಕ್ಷನ್ ಹೇಳುವುದು ಇಷ್ಟೇ: ಎಡಗಡೆ ಸ್ಟೀರಿಂಗ್ ಇರುವ ವಾಹನದಲ್ಲಿ ನಿಗದಿತ ರೀತಿಯ ಯಾಂತ್ರಿಕ ಅಥವಾ ವಿದ್ಯುತ್ ಸಂಕೇತ ಸಾಧನ ಸುಸ್ಥಿತಿಯಲ್ಲಿರಬೇಕು. ಈ ಸೆಕ್ಷನ್ನನ್ನು ತೋರಿಸಿ ‘ಕಾನೂನೇ ಒಪ್ಪುತ್ತದೆ’ ಎಂದು ಹೇಳುವ ದಲ್ಲಾಳಿಗಳಿದ್ದಾರೆ. ಓಡಿಸುವುದಕ್ಕೆ ಇರುವ ಅನುಮತಿ ಆಮದಿಗೆ ಇರುವ ಅನುಮತಿಯಲ್ಲ ಎಂಬುದನ್ನು ಅವರು ಹೇಳುವುದಿಲ್ಲ.

ಪಿಕಪ್ ಇರುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ವಿದೇಶಿ ನೋಂದಣಿಯ ಖಾಸಗಿ ವಾಹನಗಳಿಗೆಂದು ಕೇಂದ್ರ ಸರಕಾರ 2022ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಅಂಥ ವಾಹನದಲ್ಲಿ ಭಾರತದೊಳಗೆ ಸ್ಥಳೀಯ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಾಗಿಸುವಂತಿಲ್ಲ. ಕಾರ್ನೆಯಲ್ಲಿ ಬಂದ ಪಿಕಪ್ಪಿನಲ್ಲಿ ಅಡಕೆ ಮೂಟೆ ಹೇರಿಕೊಂಡು ಮಂಡಿಗೆ ಹೋಗುವ ಯೋಚನೆಯನ್ನು ಬಿಟ್ಟುಬಿಡಿ.

ಇಲ್ಲಿಯೇ ನೋಂದಣಿಯಾಗಿರುವ ಹಳೆಯ ಎಡ ಸ್ಟೀರಿಂಗ್ ಜೀಪನ್ನಾದರೂ ಬಲಕ್ಕೆ ಬದಲಾಯಿಸಬಹುದೇ?

ಕಾಯಿದೆಯ 52ನೇ ಸೆಕ್ಷನ್ ಓದದೆ ಪಾನಾ ಹಿಡಿಯಬೇಡಿ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲಿಕನು ವಾಹನವನ್ನು ಮಾರ್ಪಡಿಸಬಾರದು ಎಂಬುದು ಅದರ ಸಾರ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ, ಆರ್‌ಟಿಒ ವಿರುದ್ಧ ಕೆ. ಜಯಚಂದ್ರ ಎಂಬ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಖಚಿತಪಡಿಸಿತು: ರಾಜ್ಯದ ನಿಯಮಗಳು ಏನನ್ನೇ ಹೇಳಿದರೂ ಅವು ಈ ಸೆಕ್ಷನ್ನಿಗೆ ಅಧೀನ, ತಯಾರಕರ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡಿಗೆ ಅವಕಾಶವಿಲ್ಲ. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅಂಗವಿಕಲರಿಗಾಗಿ ಮಾಡುವ ಹೊಂದಾಣಿಕೆ, ಅನುಮೋದಿತ ಸಿಎನ್‌ಜಿ ಕಿಟ್ ಮುಂತಾದವಕ್ಕೆ ಬೇರೆ ದಾರಿಗಳಿವೆ. ಸ್ಟೀರಿಂಗ್ ಬದಿ ಬದಲಿಸುವುದು ಅವುಗಳ ಸಾಲಿಗೆ ಸೇರುವುದಿಲ್ಲ.

ಹಾಗಾದರೆ ಈ ಬದಲಾವಣೆ ಯಾವ ದೇಶದಲ್ಲಿ ಅರ್ಥವುಳ್ಳದ್ದು?

ಮುಖ್ಯವಾಗಿ ಆಸ್ಟ್ರೇಲಿಯಾದಲ್ಲಿ. ಅಲ್ಲಿ ಇದು ಒಂದು ಬೆಳೆದ ಉದ್ಯಮ. ಕಾರಣ ಸರಳವಾದದ್ದು: ರ‍್ಯಾಮ್, ಶೆವ್ರೊಲೆ ಸಿಲ್ವರಾಡೊ, ಫೋರ್ಡ್ ಎಫ್-150 ಮೊದಲಾದ ಅಮೆರಿಕದ ದೊಡ್ಡ ಪಿಕಪ್‌ಗಳನ್ನು ಅವುಗಳ ತಯಾರಕರು ಕಾರ್ಖಾನೆಯಲ್ಲಿ ಬಲ ಸ್ಟೀರಿಂಗ್ ಇಟ್ಟು ಕಟ್ಟುವುದಿಲ್ಲ, ಆದರೆ ಭಾರವಾದ ದೋಣಿ, ಕುದುರೆಗಳನ್ನು ಸಾಗಿಸುವ ಟ್ರೇಲರ್, ಕ್ಯಾರವಾನ್ ಎಳೆಯಲು ಆಸ್ಟ್ರೇಲಿಯನ್ನರಿಗೆ ಅವು ಬೇಕು. ಆದ್ದರಿಂದ ಮೆಲ್ಬರ್ನ್‌ನ ವಾಕಿನ್‌ಶಾ ಸಂಸ್ಥೆ ರ‍್ಯಾಮ್ ಮತ್ತು ಸಿಲ್ವರಾಡೊಗಳನ್ನು ಸಾಲುಸಾಲಾಗಿ ಬಲಕ್ಕೆ ಬದಲಾಯಿಸುತ್ತದೆ. ಎಫ್-150ನ್ನು ಫೋರ್ಡ್ ಪರವಾಗಿ ಆರ್‌ಎಂಎ ಸಂಸ್ಥೆ ವಿಕ್ಟೋರಿಯಾದ ಮಿಕಲ್‌ಹ್ಯಾಮ್‌ನಲ್ಲಿ ಬದಲಾಯಿಸುತ್ತದೆ. ಕ್ವೀನ್ಸ್‌ಲ್ಯಾಂಡಿನ ಗಿಂಪಿಯಲ್ಲಿರುವ ಪರ್ಫಾರ್‌ಮ್ಯಾಕ್ಸ್ ಈ ಕೆಲಸದಲ್ಲಿ ಹಳೆಯ ಹೆಸರು. ಈ ಸಂಸ್ಥೆಗಳು ಬಳಸುವ ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಭಾಗ, ಪೆಡಲ್ ಜೋಡಣೆಗಳನ್ನು ಆಯಾ ಮಾದರಿಗೆಂದೇ ವಿನ್ಯಾಸ ಮಾಡಿ ಅಚ್ಚು ಹಾಕಿರುತ್ತಾರೆ. ಒಂಟಿ ವಾಹನವನ್ನು ಅಂದಾಜಿನ ಮೇಲೆ ಕತ್ತರಿಸಿ ಬೆಸೆಯುವ ಕೆಲಸಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಗಲ್ಫ್‌ನಲ್ಲಿ ಅಮೆರಿಕದ ದೊಡ್ಡ ಪಿಕಪ್ಪನ್ನು ಇಟ್ಟುಕೊಂಡು ಈಗ ಆಸ್ಟ್ರೇಲಿಯಾಕ್ಕೆ ಹೊರಟವರಿಗೆ ಈ ಪ್ರಶ್ನೆ ನಿಜವಾದ ಪ್ರಶ್ನೆ. ಆದರೆ ನಿಮ್ಮದು ಹೈಲಕ್ಸ್, ಡಿ-ಮ್ಯಾಕ್ಸ್, ರೇಂಜರ್, ನವಾರಾ ಇವುಗಳಲ್ಲೊಂದಾದರೆ ದಯವಿಟ್ಟು ಗಲ್ಫ್‌ನಲ್ಲಿಯೇ ಮಾರಿಬಿಡಿ. ಈ ಮಾದರಿಗಳು ಕಾರ್ಖಾನೆಯಿಂದಲೇ ಬಲ ಸ್ಟೀರಿಂಗ್‌ನಲ್ಲಿ ಬರುತ್ತವೆ. 2016ರಿಂದ 2022ರವರೆಗೆ ಆಸ್ಟ್ರೇಲಿಯಾದಲ್ಲಿ ಪ್ರತಿ ವರ್ಷವೂ ಅತಿ ಹೆಚ್ಚು ಮಾರಾಟವಾದ ವಾಹನವೇ ಹೈಲಕ್ಸ್. ಬಳಸಿದ ಬಲ ಸ್ಟೀರಿಂಗ್ ಹೈಲಕ್ಸ್ ಅಲ್ಲಿ ಬೀದಿಬೀದಿಯಲ್ಲಿ ಸಿಗುವಾಗ ಎಡದ್ದನ್ನು ಹಡಗಿಗೆ ಹೇರಿ, ಅದನ್ನು ಬಿಚ್ಚಿ ಕಟ್ಟಿಸಲು ಹಣ ಸುರಿಯುವುದರಲ್ಲಿ ಯಾವ ಲಾಭವೂ ನನಗೆ ಕಾಣುವುದಿಲ್ಲ.

ಆಸ್ಟ್ರೇಲಿಯಾಕ್ಕೆ ಕೊಂಡೊಯ್ಯುವುದಾದರೆ ಯಾವ ಕ್ರಮದಲ್ಲಿ ನಡೆಯಬೇಕು?

ಆಮದು ಅನುಮತಿ ಕೈಗೆ ಬಂದ ಮೇಲೆ ಹಡಗು. ಈ ಕ್ರಮ ತಪ್ಪಿದವರ ವಾಹನ ಬಂದರಿನಲ್ಲಿ ನಿಂತು, ಬಾಡಿಗೆ ಬೆಳೆದು, ಕೊನೆಗೆ ಹಿಂದಕ್ಕೆ ಕಳುಹಿಸಬೇಕಾಗಿ ಬರಬಹುದು. ಅಲ್ಲಿನ 2018ರ ರೋಡ್ ವೆಹಿಕಲ್ ಸ್ಟ್ಯಾಂಡರ್ಡ್ಸ್ ಕಾಯಿದೆ 2021ರ ಜುಲೈ 1ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಹೊರದೇಶದಲ್ಲಿ ವಾಹನವನ್ನು ಕನಿಷ್ಠ 12 ತಿಂಗಳು ನಿರಂತರವಾಗಿ ಹೊಂದಿದ್ದು ಬಳಸಿದ್ದವರಿಗೆ ಸ್ವಂತ ವಾಹನದ ಆಮದಿಗೆ ಒಂದು ದಾರಿಯಿದೆ. ವಲಸೆಯ ಸ್ಥಿತಿಗತಿಗೂ ಷರತ್ತುಗಳಿವೆ. ವಾಹನದ ನೋಂದಣಿ ಪತ್ರವಾದ ಮುಲ್ಕಿಯಾ, ಸೌದಿಯಲ್ಲಾದರೆ ಇಸ್ತಿಮಾರಾ, ಕೊಂಡ ರಸೀದಿ, ವಿಮೆ ಪತ್ರ, ಸರ್ವಿಸ್ ದಾಖಲೆ, ಇವುಗಳಲ್ಲಿ ಯಾವುದನ್ನೂ ಎಸೆಯಬೇಡಿ, ಏಕೆಂದರೆ ಆ 12 ತಿಂಗಳನ್ನು ಸಾಬೀತು ಮಾಡುವುದು ಅವುಗಳಿಂದಲೇ.

ಹಡಗಿಗೆ ಏರಿಸುವ ಮೊದಲು ವಾಹನವನ್ನು ಮಣ್ಣು, ಬೀಜ, ಹುಲ್ಲು ಒಂದಿಷ್ಟೂ ಉಳಿಯದಂತೆ ತೊಳೆಸಬೇಕು; ಆಸ್ಟ್ರೇಲಿಯಾದ ಜೈವಿಕ ಭದ್ರತಾ ತಪಾಸಣೆ ಬಹಳ ಕಟ್ಟುನಿಟ್ಟು, ಚಾಸಿಯ ಒಳಗಿನ ಮರಳನ್ನೂ ಅವರು ಬಿಡುವುದಿಲ್ಲ. ಬ್ರೇಕ್, ಕ್ಲಚ್, ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಕೂಡದು. ಹಳೆಯ ವಾಹನಗಳಿಗೆ ಹೊರಗಿನಿಂದ ತಂದು ಹಾಕಿದ ಅಗ್ಗದ ಬ್ರೇಕ್ ಪ್ಯಾಡ್‌ಗಳು ಇಲ್ಲಿ ಸಿಕ್ಕಿಬೀಳುತ್ತವೆ. ತಲುಪಿದ ಮೇಲೆ ಕಸ್ಟಮ್ಸ್ ಸುಂಕ ಮತ್ತು ಶೇ. 10ರ ಜಿಎಸ್‌ಟಿ ಇವೆ.

ಸ್ಟೀರಿಂಗ್ ಬದಲಾವಣೆಯಂಥ ಮಾರ್ಪಾಡಿನ ತಾಂತ್ರಿಕ ಮಾನದಂಡಗಳು ‘ವಿಎಸ್‌ಬಿ 14’ ಎಂಬ ರಾಷ್ಟ್ರೀಯ ಸಂಹಿತೆಯಲ್ಲಿವೆ, ನೋಂದಣಿ ಮಾಡುವುದು ಮಾತ್ರ ಆಯಾ ರಾಜ್ಯ. ಆದ್ದರಿಂದ ನೀವು ನೆಲೆಸುವ ರಾಜ್ಯದಲ್ಲಿ ಮಾನ್ಯತೆಯಿರುವ ಎಂಜಿನಿಯರನ್ನು ಕೆಲಸ ಶುರುವಾಗುವ ಮೊದಲೇ ಕಾಣಬೇಕು. ಎಲ್ಲ ಮುಗಿದ ಮೇಲೆ ಸಹಿ ಹಾಕಿಕೊಡಿ ಎಂದರೆ, ಡ್ಯಾಶ್‌ಬೋರ್ಡಿನ ಹಿಂದೆ ಮುಚ್ಚಿಹೋದ ಬೆಸುಗೆಯನ್ನು ನೋಡದೆ ಯಾವ ಪ್ರಾಮಾಣಿಕ ಎಂಜಿನಿಯರೂ ಸಹಿ ಹಾಕುವುದಿಲ್ಲ. ಬಹಳ ಹಳೆಯ ವಾಹನಗಳಿಗೆ ವಿನಾಯಿತಿ ಇದೆ: ಹೆಚ್ಚಿನ ರಾಜ್ಯಗಳಲ್ಲಿ 30 ವರ್ಷ ಮೀರಿದ ವಾಹನವನ್ನು ಎಡ ಸ್ಟೀರಿಂಗ್‌ನಲ್ಲಿಯೇ ನೋಂದಾಯಿಸಬಹುದು, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆ ಮಿತಿ ಇನ್ನೂ ಕಡಿಮೆ.

ಬ್ರಿಟನ್, ನ್ಯೂಜಿಲೆಂಡ್, ಕೀನ್ಯಾ?

ಬ್ರಿಟನ್ನಿನಲ್ಲಿ ಬದಲಾವಣೆಯ ಅಗತ್ಯವೇ ಇಲ್ಲ. ಎಡ ಸ್ಟೀರಿಂಗ್ ವಾಹನವನ್ನು ಅಲ್ಲಿ ನೋಂದಾಯಿಸಬಹುದು. ಹೆಡ್‌ಲೈಟ್ ಎಡಬದಿಯ ಸಂಚಾರಕ್ಕೆ ಹೊಂದಬೇಕು, ಸ್ಪೀಡೋಮೀಟರ್ ಮೈಲಿಯನ್ನು ತೋರಿಸಬೇಕು, ಹಿಂಬದಿಯ ಮಂಜಿನ ದೀಪ ಮಧ್ಯದಲ್ಲೋ ಬಲಕ್ಕೋ ಇರಬೇಕು. ನ್ಯೂಜಿಲೆಂಡಿನಲ್ಲಿ ಹೊಸ ಎಡ ಸ್ಟೀರಿಂಗ್ ವಾಹನಗಳಿಗೆ ನಿರ್ಬಂಧವಿದೆ, ಬದಲಾಯಿಸಿದ ವಾಹನಕ್ಕೆ ‘ಲೋ ವಾಲ್ಯೂಮ್ ವೆಹಿಕಲ್’ ಪ್ರಮಾಣೀಕರಣ ಬೇಕು. ಕೀನ್ಯಾ ಎಂಟು ವರ್ಷಕ್ಕಿಂತ ಹಳೆಯ ವಾಹನವನ್ನು ಒಳಗೆ ಬಿಡುವುದಿಲ್ಲ, ಮತ್ತು ಆಂಬುಲೆನ್ಸ್‌ನಂಥ ವಿಶೇಷ ವಾಹನಗಳನ್ನು ಬಿಟ್ಟರೆ ಎಡ ಸ್ಟೀರಿಂಗ್ ಅನ್ನು ಒಪ್ಪುವುದಿಲ್ಲ.

ವಾಸ್ತವವಾಗಿ ವಾಹನದಲ್ಲಿ ಏನೇನನ್ನು ಬದಲಾಯಿಸಬೇಕಾಗುತ್ತದೆ?

ಸ್ಟೀರಿಂಗ್ ಚಕ್ರವನ್ನು ಆಚೆಯಿಂದ ಈಚೆಗೆ ಇಡುವುದು ಎಂಬ ಕಲ್ಪನೆಯಿಂದ ಹೊರಟವರಿಗೆ ಇದರ ಗಾತ್ರ ತಿಳಿಯುವುದಿಲ್ಲ. ವಾಹನದ ಮುಂಭಾಗವನ್ನು, ಎಂಜಿನ್ ಮತ್ತು ಗೇರ್‌ಬಾಕ್ಸ್ ಬಿಟ್ಟು, ಬಹುಮಟ್ಟಿಗೆ ಬರಿದು ಮಾಡಬೇಕಾಗುತ್ತದೆ.

ಮೊದಲನೆಯದು ಸ್ಟೀರಿಂಗ್ ರ‍್ಯಾಕ್ ಅಥವಾ ಸ್ಟೀರಿಂಗ್ ಬಾಕ್ಸ್, ಅಂದರೆ ಸ್ಟೀರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಭಾಗ. ಎಡದ ರ‍್ಯಾಕನ್ನು ತಲೆಕೆಳಗು ಮಾಡಿ ಬಲಕ್ಕೆ ಹಾಕಲಾಗದು. ಬಲಕ್ಕೆಂದೇ ತಯಾರಾದ ರ‍್ಯಾಕ್ ಬೇಕು. ಅದು ಕೂರುವ ಎತ್ತರ ಮತ್ತು ಅದನ್ನು ಚಕ್ರಗಳಿಗೆ ಸೇರಿಸುವ ಟೈರಾಡ್‌ಗಳ ಕೋನ ಕಾರ್ಖಾನೆಯ ಲೆಕ್ಕದಿಂದ ಸ್ವಲ್ಪ ಸರಿದರೂ, ಚಕ್ರ ಹಳ್ಳಕ್ಕೆ ಇಳಿದಾಗ ಅಥವಾ ಉಬ್ಬು ಹತ್ತಿದಾಗ ವಾಹನ ತಾನಾಗಿ ಒಂದು ಬದಿಗೆ ಎಳೆಯುತ್ತದೆ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕಕ್ಕೆ ಹೋಗುವ ರಸ್ತೆಯ ತಿರುವುಗಳಲ್ಲಿ ಭಾರ ಹೇರಿದ ಪಿಕಪ್ ಓಡಿಸಿದವರಿಗೆ, ಅಂಥ ಒಂದು ಎಳೆತ ಎದುರಿನ ಬಸ್ಸಿನ ಮುಂದೆ ಏನು ಮಾಡಬಲ್ಲದು ಎಂದು ವಿವರಿಸಬೇಕಾಗಿಲ್ಲ.

ಎರಡನೆಯದು ಸ್ಟೀರಿಂಗ್ ಚಕ್ರವನ್ನು ಹೊತ್ತ ದಂಡ, ಅಂದರೆ ಸ್ಟೀರಿಂಗ್ ಕಾಲಮ್, ಮತ್ತು ಅದನ್ನು ರ‍್ಯಾಕಿಗೆ ಜೋಡಿಸುವ ಶಾಫ್ಟ್. ಅಪಘಾತದಲ್ಲಿ ಚಾಲಕನ ಎದೆಗೆ ಚುಚ್ಚದಂತೆ ಮಡಚಿಕೊಳ್ಳುವ ಹಾಗೆ ಕಾಲಮನ್ನು ವಿನ್ಯಾಸ ಮಾಡಿರುತ್ತಾರೆ. ಅದನ್ನು ತುಂಡರಿಸಿ ಉದ್ದ ಮಾಡಿ ಬೆಸೆದರೆ ಆ ಗುಣ ನಾಶವಾಗುತ್ತದೆ. ಎಡಕ್ಕೆಂದು ವಿನ್ಯಾಸವಾದ ವಾಹನದಲ್ಲಿ ಬಲಬದಿಗೆ ಎಕ್ಸಾಸ್ಟ್ ಕೊಳವೆಯೋ ಟರ್ಬೊವೋ ಬ್ಯಾಟರಿಯೋ ಕುಳಿತಿರಬಹುದು, ಆಗ ಶಾಫ್ಟಿಗೆ ದಾರಿ ಮಾಡಲು ಅವುಗಳನ್ನು ಸರಿಸಬೇಕು, ಬಿಸಿ ತಾಗದಂತೆ ತಗಡಿನ ಮರೆ ಕೊಡಬೇಕು.

ಮೂರನೆಯದು ಎಂಜಿನ್ ಕೋಣೆಗೂ ಕ್ಯಾಬಿನ್ನಿಗೂ ನಡುವಿನ ಉಕ್ಕಿನ ಗೋಡೆ, ಅಂದರೆ ಫೈರ್‌ವಾಲ್. ಬ್ರೇಕ್ ಬೂಸ್ಟರ್, ಮಾಸ್ಟರ್ ಸಿಲಿಂಡರ್, ಕ್ಲಚ್ ಸಿಲಿಂಡರ್, ಪೆಡಲ್‌ಗಳ ಚೌಕಟ್ಟು ಎಲ್ಲವೂ ಇದಕ್ಕೆ ಕಚ್ಚಿಕೊಂಡಿರುತ್ತವೆ. ಬಲಕ್ಕೆ ಹೊಸ ರಂಧ್ರಗಳನ್ನು ಕೊರೆದು, ಆ ಜಾಗಕ್ಕೆ ಬಲ ಕೊಟ್ಟು, ಎಡದ ಹಳೆಯ ರಂಧ್ರಗಳನ್ನು ಮುಚ್ಚಬೇಕು. ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿದಾಗ ಈ ಗೋಡೆಯ ತಗಡು ಬಾಗಿದರೆ ಒತ್ತಡದ ಒಂದು ಭಾಗ ಅಲ್ಲಿಯೇ ಸೋರಿಹೋಗಿ ಚಕ್ರಕ್ಕೆ ತಲುಪುವುದಿಲ್ಲ. ಪೆಡಲ್‌ಗಳ ಕ್ರಮ ಮಾತ್ರ ಎರಡೂ ಬಗೆಯ ವಾಹನಗಳಲ್ಲಿ ಒಂದೇ: ಕ್ಲಚ್, ಬ್ರೇಕ್, ಆಕ್ಸಿಲರೇಟರ್. ಎಡಗೈಯಿಂದ ಗೇರ್ ಹಾಕುವ ಅಭ್ಯಾಸವನ್ನು ಹೊಸದಾಗಿ ಮಾಡಿಕೊಳ್ಳಬೇಕು.

ಆಮೇಲೆ ಡ್ಯಾಶ್‌ಬೋರ್ಡ್, ಅದರ ಹಿಂದಿನ ಉಕ್ಕಿನ ಅಡ್ಡತೊಲೆ, ಎಸಿ ಮತ್ತು ಬ್ಲೋವರ್ ಪೆಟ್ಟಿಗೆ, ಮೀಟರ್, ಫ್ಯೂಸ್ ಪೆಟ್ಟಿಗೆ, ಇಡೀ ವೈರಿಂಗ್, ಕಿಟಕಿಯ ಸ್ವಿಚ್‌ಗಳು, ಹ್ಯಾಂಡ್‌ಬ್ರೇಕ್, ಸೀಟುಗಳು, ಕನ್ನಡಿಗಳು. ವೈರಿಂಗ್ ವಿಷಯದಲ್ಲಿ ಒಂದು ಮಾತು: ಉದ್ದ ಸಾಲದ ತಂತಿಗಳನ್ನು ನಡುವೆ ಕತ್ತರಿಸಿ, ಟೇಪು ಸುತ್ತಿ ಉದ್ದ ಮಾಡಿದ ವಾಹನ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತೊಂದರೆ ಕೊಡಲು ತೊಡಗುತ್ತದೆ. ಬಲಕ್ಕೆಂದೇ ತಯಾರಾದ ವೈರಿಂಗ್ ಕಟ್ಟು ಸಿಗದಿದ್ದರೆ ಆ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಚೈನ್ ಅಥವಾ ಬೆಲ್ಟ್ ಹಾಕಿ, ಎಡದ ರ‍್ಯಾಕನ್ನು ಹಾಗೆಯೇ ಬಿಟ್ಟು, ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಲೇಬೇಡಿ. ಬಲಕ್ಕೆ ಒಂದು ಸ್ಟೀರಿಂಗ್ ಚಕ್ರ ಕೂರಿಸಿ, ಡ್ಯಾಶ್‌ಬೋರ್ಡಿನ ಹಿಂದೆ ಚೈನಿನ ಮೂಲಕ ಅದನ್ನು ಎಡದ ಹಳೆಯ ಕಾಲಮಿಗೆ ಸೇರಿಸುವ ಈ ವಿಧಾನದಲ್ಲಿ, ಚೈನು ಸಡಿಲವಾದಷ್ಟೂ ಚಕ್ರ ತಿರುಗಿಸಿದ್ದಕ್ಕೂ ಟೈರು ತಿರುಗುವುದಕ್ಕೂ ನಡುವೆ ಅಂತರ ಬೆಳೆಯುತ್ತದೆ. ಚೈನು ಕಡಿದರೆ ಚಾಲಕನ ಕೈಯಲ್ಲಿ ಉಳಿಯುವುದು ಯಾವುದಕ್ಕೂ ಸೇರದ ಒಂದು ಚಕ್ರ. ಸೈಕಲ್ಲಿನ ಚೈನು ಕಳಚಿದರೆ ಕಾಲೂರಿ ನಿಲ್ಲಬಹುದು. ಎರಡು ಟನ್ ತೂಕದ ವಾಹನ ಹೆದ್ದಾರಿಯಲ್ಲಿ ಓಡುವಾಗ ಆ ಅವಕಾಶವಿಲ್ಲ. ಕುಟುಂಬವನ್ನು ಕೂರಿಸಿಕೊಂಡು ಓಡಿಸುವ ವಾಹನದಲ್ಲಿ ಹಣ ಉಳಿಸಲು ಬೇರೆ ನೂರು ಜಾಗಗಳಿವೆ. ಸ್ಟೀರಿಂಗ್ ಮತ್ತು ಬ್ರೇಕ್ ಆ ಜಾಗಗಳಲ್ಲ.

ಏರ್‌ಬ್ಯಾಗ್‌ಗಳ ಗತಿ ಏನು?

ಸ್ಟೀರಿಂಗ್ ಚಕ್ರದೊಳಗಿನ ಏರ್‌ಬ್ಯಾಗ್ ಚಕ್ರದೊಂದಿಗೆ ಬಲಕ್ಕೆ ಬರುತ್ತದೆ, ಆದರೆ ಪಕ್ಕದ ಪ್ರಯಾಣಿಕನದು ಡ್ಯಾಶ್‌ಬೋರ್ಡಿನ ರಚನೆಯ ಭಾಗವಾಗಿದ್ದು, ಅದು ಒಡೆದು ಹೊರಬರುವ ಬಾಗಿಲು, ಅದನ್ನು ಹಿಡಿದಿಡುವ ಲೋಹದ ಚೌಕಟ್ಟು, ಗಾಜಿಗೆ ತಾಗಿ ಹರಡುವ ಕೋನ ಎಲ್ಲವನ್ನೂ ಪರೀಕ್ಷೆ ನಡೆಸಿ ನಿರ್ಧರಿಸಿರುತ್ತಾರೆ. ಸೀಟಿನಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ತಿಳಿಯುವ ಸಂವೇದಕವೂ ಎಡದ ಸೀಟಿಗೆ ಹೋಗಬೇಕು. ಎಚ್ಚರಿಕೆಯ ದೀಪ ಉರಿಯದಂತೆ ಒಂದು ರೆಸಿಸ್ಟರ್ ಹಾಕಿ, ಏರ್‌ಬ್ಯಾಗ್ ಇದೆ ಎಂದು ಕಂಪ್ಯೂಟರಿಗೆ ನಂಬಿಸುವ ವರ್ಕ್‌ಶಾಪ್‌ಗಳೂ ಇವೆ. ಅದು ಮೋಸ, ಮತ್ತು ಆ ಮೋಸ ಬಯಲಾಗುವುದು ಅಪಘಾತದ ಕ್ಷಣದಲ್ಲಿ.

ಹೆಡ್‌ಲೈಟ್ ಮತ್ತು ವೈಪರ್‌ಗಳನ್ನು ಹಾಗೆಯೇ ಬಿಡಬಹುದೇ?

ಎರಡನ್ನೂ ಬಿಡುವಂತಿಲ್ಲ. ಹೆಡ್‌ಲೈಟನ್ನು ಡಿಮ್ ಮಾಡಿದಾಗ ಬೆಳಕು ಎರಡೂ ಕಡೆಗೆ ಸಮನಾಗಿ ಬೀಳುವುದಿಲ್ಲ, ರಸ್ತೆಯ ಅಂಚಿನ ಕಡೆಗೆ ತುಸು ಮೇಲೇರಿರುತ್ತದೆ. ಗಲ್ಫ್‌ನ ವಾಹನದಲ್ಲಿ ಆ ಏರು ಬಲಕ್ಕಿರುವುದರಿಂದ, ಎಡಬದಿಯ ಸಂಚಾರವಿರುವ ಊರಿನಲ್ಲಿ ಅದು ನೇರವಾಗಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಹೆಡ್‌ಲೈಟನ್ನು ಒಟ್ಟಾರೆ ಕೆಳಕ್ಕೆ ಬಾಗಿಸುವುದರಿಂದ ಇದು ಸರಿಹೋಗದು, ದೀಪವನ್ನೇ ಬದಲಾಯಿಸಬೇಕು. ಯುರೋಪಿನ ‘ಇ’ ಮುದ್ರೆಯಿರುವ ದೀಪದ ಗಾಜಿನ ಮೇಲೆ ಗುರುತು ನೋಡಿ: ಬಾಣವಿಲ್ಲದಿದ್ದರೆ ಬಲಬದಿಯ ಸಂಚಾರಕ್ಕೆ, ದೀಪದ ಎದುರು ನಿಂತವರ ಬಲಕ್ಕೆ ತೋರುವ ಬಾಣವಿದ್ದರೆ ಎಡಬದಿಯ ಸಂಚಾರಕ್ಕೆ, ಎರಡು ತುದಿಯ ಬಾಣವಿದ್ದರೆ ಎರಡಕ್ಕೂ ಹೊಂದುವಂಥದು.

ವೈಪರ್‌ಗಳು ಚಾಲಕನ ಕಡೆಯ ಗಾಜನ್ನು ಅಂಚಿನವರೆಗೆ ಒರೆಸುವಂತೆ ಜೋಡಿಸಲ್ಪಟ್ಟಿರುತ್ತವೆ. ಎಡದ ಜೋಡಣೆಯನ್ನೇ ಉಳಿಸಿಕೊಂಡರೆ ಬಲಗಡೆ ಕುಳಿತವನ ಕಣ್ಣೆದುರು, ಗಾಜಿನ ಕಂಬದ ಬದಿಯಲ್ಲಿ, ಒರೆಸದ ಒಂದು ಪಟ್ಟಿ ಉಳಿಯುತ್ತದೆ. ಮರುಭೂಮಿಯಲ್ಲಿ ಅದು ಗಮನಕ್ಕೂ ಬಾರದು. ಆಷಾಢದ ಮಳೆ ಕಂಡವರು ಅದನ್ನು ಉಪೇಕ್ಷಿಸಲಾರರು.

ವರ್ಕ್‌ಶಾಪ್ ಒಳ್ಳೆಯದೇ ಎಂದು ತಿಳಿಯುವುದು ಹೇಗೆ?

ನಿಮ್ಮದೇ ಮಾದರಿಯ ವಾಹನವನ್ನು ಮೊದಲು ಬದಲಾಯಿಸಿದ್ದಾರೆಯೇ, ಅದು ಯಾರ ಹೆಸರಿನಲ್ಲಿ ಎಲ್ಲಿ ನೋಂದಣಿಯಾಗಿ ಓಡುತ್ತಿದೆ ಎಂದು ಕೇಳಿ. ರ‍್ಯಾಕ್ ಮತ್ತು ಬೂಸ್ಟರ್ ಯಾವ ಕಂಪೆನಿಯದು, ಅವುಗಳ ಭಾಗಸಂಖ್ಯೆ ಏನು ಎಂಬುದನ್ನು ಬರೆಸಿಕೊಳ್ಳಿ; ಮುಂದೆ ರಿಪೇರಿಗೆ ಬಂದಾಗ ಆ ಸಂಖ್ಯೆ ಇಲ್ಲದೆ ಬೇರೆ ಮೆಕ್ಯಾನಿಕ್ ಏನನ್ನೂ ಮಾಡಲಾರ. ಬೆಸುಗೆಗಳನ್ನು ಬಣ್ಣ ಹಚ್ಚುವ ಮೊದಲೇ ಫೋಟೊ ತೆಗೆದು ಕೊಡುವಂತೆ ಒಪ್ಪಂದದಲ್ಲಿ ಸೇರಿಸಿ. ಕೆಲಸ ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಪನದ ಮುದ್ರಿತ ಪ್ರತಿ ಕೇಳಿ ಪಡೆಯಿರಿ. ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿದಾಗ ಸುತ್ತುಗಳ ಸಂಖ್ಯೆ ಸಮನಾಗಿರಬೇಕು; ತಿರುವಿನ ನಂತರ ಕೈ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು; ಖಾಲಿ ವಾಹನದಲ್ಲಿ ಮಾತ್ರವಲ್ಲದೆ ಭಾರ ಹೇರಿದಾಗಲೂ ಬ್ರೇಕ್ ನೇರವಾಗಿ ಹಿಡಿಯಬೇಕು.

ಖರ್ಚು ಎಷ್ಟಾಗಬಹುದು?

ಆಸ್ಟ್ರೇಲಿಯಾದಲ್ಲಿ ದೊಡ್ಡ ಅಮೆರಿಕನ್ ಪಿಕಪ್ಪಿನ ಸರಿಯಾದ ಬದಲಾವಣೆಗೆ ಹತ್ತಾರು ಸಾವಿರ ಆಸ್ಟ್ರೇಲಿಯನ್ ಡಾಲರ್ ಬೇಕು. ಹಡಗಿನ ಬಾಡಿಗೆ, ತೊಳೆಸುವಿಕೆ, ಸುಂಕ, ಎಂಜಿನಿಯರನ ಶುಲ್ಕ, ಈ ನಡುವೆ ನೀವು ಬಳಸುವ ಬಾಡಿಗೆ ಕಾರು ಬೇರೆ. ಇವೆಲ್ಲವನ್ನೂ ಒಂದು ಕಾಗದದಲ್ಲಿ ಕೂಡಿಸಿ, ಪಕ್ಕದಲ್ಲಿ ಅಲ್ಲಿಯೇ ಬಲ ಸ್ಟೀರಿಂಗ್‌ನ ಅದೇ ಮಾದರಿ ಎಷ್ಟಕ್ಕೆ ಸಿಗುತ್ತದೆ ಎಂದು ಬರೆದು ನೋಡಿದರೆ, ಹೆಚ್ಚಿನವರ ತೀರ್ಮಾನ ಅಲ್ಲಿಗೇ ಮುಗಿಯುತ್ತದೆ.

ವಿಮೆ?

ಬದಲಾವಣೆಯನ್ನು ಬರಹದಲ್ಲಿ ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ತಿಳಿಸದೆ ಇದ್ದರೆ ಪರಿಹಾರ ನಿರಾಕರಿಸಲು ವಿಮಾ ಕಂಪೆನಿಗೆ ನೀವೇ ಕಾರಣ ಕೊಟ್ಟಂತಾಗುತ್ತದೆ.

ಇಲ್ಲಿಂದ ಗಲ್ಫ್‌ಗೆ ಬಲ ಸ್ಟೀರಿಂಗ್ ವಾಹನ ಕೊಂಡೊಯ್ಯಬಹುದೇ?

ಅಲ್ಲಿ ಅದನ್ನು ನೋಂದಾಯಿಸಿ ನಿತ್ಯ ಬಳಕೆಗೆ ಇಟ್ಟುಕೊಳ್ಳಲಾಗದು. ಬಹರೈನಿನಲ್ಲಿ 1967ರವರೆಗೆ ನಮ್ಮಂತೆಯೇ ಎಡಬದಿಯ ಸಂಚಾರವಿತ್ತು ಎಂಬುದು ಈಗ ಅಲ್ಲಿನ ಹಿರಿಯರಿಗಷ್ಟೇ ನೆನಪಿರುವ ಸಂಗತಿ. ಇದಕ್ಕೆ ತದ್ವಿರುದ್ಧವಾಗಿ ಪೆಸಿಫಿಕ್ ಸಾಗರದ ಸಮೋವಾ ದೇಶ 2009ರ ಸೆಪ್ಟೆಂಬರಿನಲ್ಲಿ ಬಲಬದಿಯಿಂದ ಎಡಬದಿಗೆ ಬದಲಾಯಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿರುವ ಬಂಧುಗಳು ಕಳುಹಿಸುವ ಅಗ್ಗದ ವಾಹನಗಳು ಬಳಕೆಗೆ ಬರಲಿ ಎಂಬುದು ಅದರ ಮುಖ್ಯ ಕಾರಣವಾಗಿತ್ತು. ಒಂದೊಂದು ವಾಹನವನ್ನೂ ಬದಲಾಯಿಸುವುದಕ್ಕಿಂತ ದೇಶದ ರಸ್ತೆಯನ್ನೇ ಬದಲಾಯಿಸುವುದು ಅವರಿಗೆ ಸುಲಭವೆನಿಸಿತು.

ಊರಿಗೆ ಮರಳಿದ ಮೇಲೂ ನನಗೆ ಅಂಥದೇ ಪಿಕಪ್ ಬೇಕು. ಏನು ಮಾಡಲಿ?

ಇಲ್ಲಿ ತಯಾರಾದುದನ್ನು ಕೊಳ್ಳಿ. ಟೊಯೋಟಾ ಹೈಲಕ್ಸ್ 2022ರಿಂದ ಭಾರತದಲ್ಲಿ ಸಿಗುತ್ತಿದ್ದು, ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಜೋಡಣೆಯಾಗುತ್ತದೆ. ಇಸುಜು ಡಿ-ಮ್ಯಾಕ್ಸ್ ಆಂಧ್ರಪ್ರದೇಶದ ಶ್ರೀಸಿಟಿಯಲ್ಲಿ 2016ರಿಂದ ತಯಾರಾಗುತ್ತಿದೆ. ತೋಟದ ಕೆಲಸಕ್ಕಷ್ಟೇ ಆದರೆ ಮಹೀಂದ್ರ ಬೊಲೆರೊ ಪಿಕಪ್ ಅಥವಾ ಟಾಟಾ ಯೋಧ ಇನ್ನೂ ಕಡಿಮೆ ಬೆಲೆಗೆ ಸಿಗುತ್ತವೆ, ಅವುಗಳ ಬಿಡಿಭಾಗಗಳೂ ನಮ್ಮ ಪೇಟೆಗಳಲ್ಲೇ ದೊರೆಯುತ್ತವೆ.

ಅಲ್ಲಿನ ವಾಹನವನ್ನು ಮಾರಿ ಬರುವುದಾದರೆ ಯಾವುದನ್ನು ಮರೆಯಬಾರದು?

ಬ್ಯಾಂಕ್ ಸಾಲವಿದ್ದರೆ ತೀರಿಸಿ ಬಿಡುಗಡೆ ಪತ್ರ ಪಡೆಯಿರಿ, ಸಂಚಾರ ದಂಡಗಳನ್ನು ಕಟ್ಟಿ, ಮತ್ತು ಮಾಲಿಕತ್ವ ಕೊಳ್ಳುವವರ ಹೆಸರಿಗೆ ವರ್ಗವಾಗಿರುವುದನ್ನು ಸ್ವತಃ ನೋಡದೆ ವಿಮಾನ ಹತ್ತಬೇಡಿ. ಬೀಗದ ಕೈಯನ್ನು ಸ್ನೇಹಿತರಿಗೆ ಕೊಟ್ಟು ‘ಆಮೇಲೆ ಮಾರಿಬಿಡು’ ಎಂದು ಬಂದರೆ, ವಾಹನ ನಿಮ್ಮ ಹೆಸರಿನಲ್ಲಿರುವಷ್ಟು ಕಾಲ ಅದರ ಮೇಲಿನ ದಂಡಗಳೂ ನಿಮ್ಮ ಹೆಸರಿನಲ್ಲೇ ಬೆಳೆಯುತ್ತವೆ, ಮುಂದೆ ಮತ್ತೆ ವೀಸಾಕ್ಕೆ ಪ್ರಯತ್ನಿಸುವಾಗ ಅವು ಅಡ್ಡ ಬರಬಹುದು. ಸರ್ವಿಸ್ ಪುಸ್ತಕವನ್ನೂ ಎರಡನೇ ಬೀಗದ ಕೈಯನ್ನೂ ವಾಹನದೊಂದಿಗೇ ಕೊಡಿ. ಅಲ್ಲಿನ ಬಳಸಿದ ವಾಹನಗಳ ಮಾರುಕಟ್ಟೆಯಲ್ಲಿ ಇವೆರಡಕ್ಕೂ ಬೆಲೆಯಿದೆ.